ಹಳೇ ಕೀಗೆ ಬಂದ ಮೇಲ್

ಕೇಳುಗರಿಗೆ ನಮಸ್ಕಾರ.

ಇಮೇಲನ್ನು ಗೂಢಲಿಪಿಗೆ ತಿರುಗಿಸಿ ಕಳಿಸುವವರು ನಮ್ಮಲ್ಲಿ ಜಾಸ್ತಿ ಇಲ್ಲ. ಕೆಲವು ಪತ್ರಕರ್ತರು, ವಕೀಲರು, ಸಾಫ್ಟ್‌ವೇರ್ ಬರೆಯುವವರು, ಅಷ್ಟೇ. ಅವರಲ್ಲಿ ಬಹಳ ಮಂದಿ ಬಳಸುವುದು ಪಿಜಿಪಿ ಎಂಬ ತಂತ್ರಾಂಶ. ಅಮೆರಿಕದ ಫಿಲ್ ಝಿಮ್ಮರ್‌ಮನ್ 1991ರಲ್ಲಿ ಅದನ್ನು ಹೊರತಂದರು. ಇಂಥದ್ದು ದೇಶದ ಗಡಿ ದಾಟಿದ್ದು ಹೇಗೆ ಅಂತ ಅಲ್ಲಿನ ಸರ್ಕಾರ ಅವರ ಮೇಲೆ ತನಿಖೆಯನ್ನೇ ಶುರು ಮಾಡಿತ್ತು. 1996ರಲ್ಲಿ ಕೈಬಿಟ್ಟಿತು. ಸರ್ಕಾರಕ್ಕೇ ತಲೆನೋವು ತಂದ ಈ ಪಿಜಿಪಿ ನಿಮ್ಮ ನಮ್ಮ ಕೈಯಲ್ಲಿ ಕೆಡುವುದು ಗಣಿತದಿಂದ ಅಲ್ಲ. ಕೀಗಳನ್ನು ಸರಿಯಾಗಿ ನೋಡಿಕೊಳ್ಳದೆ ಇರುವುದರಿಂದ.

ವಿಷಯ ಇಷ್ಟು. ನಿಮ್ಮ ಹತ್ತಿರ ಎರಡು ಕೀ ಇರುತ್ತವೆ. ಪಬ್ಲಿಕ್ ಕೀಯನ್ನು ಊರಿಗೆಲ್ಲ ಹಂಚಬಹುದು. ಪ್ರೈವೇಟ್ ಕೀ ನಿಮ್ಮ ಹತ್ತಿರವೇ ಇರಬೇಕು, ನಿಮಗೆ ಬಂದ ಮೇಲ್ ತೆರೆಯುವುದು ಅದರಿಂದಲೇ. ಗೆಳೆಯನಿಗೆ ಬರೆಯುವಾಗ ಬಳಸಬೇಕಾದದ್ದು ಗೆಳೆಯನ ಪಬ್ಲಿಕ್ ಕೀ, ನಿಮ್ಮದಲ್ಲ. ಕೇಳಿದರೆ ಸುಲಭ, ಅಲ್ವಾ? 1999ರಲ್ಲಿ ಆಲ್ಮಾ ವಿಟನ್ ಮತ್ತು ಟೈಗರ್ ಎಂಬ ಸಂಶೋಧಕರು 12 ಜನರನ್ನು ಕೂರಿಸಿ, ಒಂದೂವರೆ ಗಂಟೆ ಕೊಟ್ಟು, ಪಿಜಿಪಿಯಲ್ಲಿ ಮೇಲ್ ಕಳಿಸಿ ನೋಡೋಣ ಅಂದರು. ಮೂರರಲ್ಲಿ ಎರಡು ಪಾಲು ಜನಕ್ಕೆ ಸರಿಯಾಗಿ ಕಳಿಸಲು ಆಗಲೇ ಇಲ್ಲ. ಹಲವರು ತಮ್ಮದೇ ಪಬ್ಲಿಕ್ ಕೀ ಹಾಕಿ ಬೇರೆಯವರಿಗೆ ಕಳಿಸಿದ್ದರು.

ಈಗ ಥಂಡರ್‌ಬರ್ಡ್‌ನಂಥ ಮೇಲ್ ತಂತ್ರಾಂಶ ಆ ಗೊಂದಲವನ್ನು ಬಹಳ ಮಟ್ಟಿಗೆ ಕಡಿಮೆ ಮಾಡಿದೆ. 2020ರಿಂದ ಅದರೊಳಗೇ ಈ ಸೌಲಭ್ಯ ಇದೆ. ಆದರೂ ಒಂದು ದೂರು ಮಾತ್ರ ನಿಂತಿಲ್ಲ. ಮೇಲ್ ಬಂದಿದೆ, ತೆರೆದರೆ ಸೀಕ್ರೆಟ್ ಕೀ ಇಲ್ಲ ಅನ್ನುತ್ತದೆ. ಸೀಕ್ರೆಟ್ ಅಂದರೂ ಪ್ರೈವೇಟ್ ಅಂದರೂ ಒಂದೇ ಕೀ. ತಂತ್ರಾಂಶ ಕೆಟ್ಟಿತು ಅಂತ ಅದನ್ನು ಅಳಿಸಿ ಮತ್ತೆ ಹಾಕಲು ಹೋಗಬೇಡಿ. ಹೆಚ್ಚಿನ ಸಲ ಆಗಿರುವುದು ಬೇರೆಯೇ. ನೀವು ಯಾವಾಗಲೋ ಹೊಸ ಕೀ ಮಾಡಿಕೊಂಡಿರುತ್ತೀರಿ. ಕಳಿಸಿದವರ ಹತ್ತಿರ ಹಳೆಯದೇ ಇರುತ್ತದೆ, ಯಾರದೋ ಡೈರಿಯಲ್ಲಿ ಉಳಿದುಬಿಟ್ಟ ನಿಮ್ಮ ಹಳೇ ಫೋನ್ ನಂಬರಿನ ಹಾಗೆ. ಹೊಸ ಪಬ್ಲಿಕ್ ಕೀ ಕಳಿಸಿ, ಮೇಲನ್ನು ಇನ್ನೊಮ್ಮೆ ಕಳಿಸಿ ಅನ್ನಿ. ಬೇರೆ ದಾರಿ ಇಲ್ಲ. ಹಳೇ ಪ್ರೈವೇಟ್ ಕೀ ಇನ್ನೂ ನಿಮ್ಮ ಹತ್ತಿರ ಇದ್ದರೆ ಮಾತು ಬೇರೆ. ಅದನ್ನು ಸೇರಿಸಿದರೆ ಆ ಮೇಲೂ ತೆರೆಯುತ್ತದೆ.

ಇದೇ ತರದ ಇನ್ನೊಂದು ತಾಪತ್ರಯ ಅವಧಿ ಮುಗಿದ ಕೀ. ಕೀ ಮಾಡುವಾಗ ಅದಕ್ಕೆ ಎರಡೋ ಮೂರೋ ವರ್ಷದ ಅವಧಿ ಹಾಕುವುದು ವಾಡಿಕೆ. ಒಳ್ಳೆಯ ವಾಡಿಕೆಯೇ. ಅವಧಿ ಮುಗಿದ ದಿನ ಬೇರೆಯವರ ತಂತ್ರಾಂಶ ಆ ಕೀಗೆ ಮೇಲ್ ಕಳಿಸಲು ಒಪ್ಪುವುದಿಲ್ಲ. ಆಗ ತುಂಬಾ ಜನ ಗಾಬರಿಯಾಗಿ ಹೊಸ ಕೀ ಮಾಡಿಬಿಡುತ್ತಾರೆ. ಬೇಕಾಗಿಲ್ಲ. ಪ್ರೈವೇಟ್ ಕೀ ಕೈಯಲ್ಲಿದ್ದರೆ, ಅವಧಿ ಮುಗಿದ ಮೇಲೂ ದಿನಾಂಕ ಮುಂದೆ ಹಾಕಬಹುದು. ಆದರೆ ದಿನಾಂಕ ಬದಲಾಗುವುದು ನಿಮ್ಮ ಕಂಪ್ಯೂಟರಿನಲ್ಲಿ ಮಾತ್ರ. ಆ ಪಬ್ಲಿಕ್ ಕೀಯನ್ನು ಎಲ್ಲರಿಗೂ ಮತ್ತೆ ಕಳಿಸಬೇಕು. ಈ ಎರಡನೇ ಕೆಲಸವೇ ಮರೆತುಹೋಗುವುದು. ಇನ್ನೂ ಒಂದಿದೆ. ಜಿಎನ್‌ಯು ಪಿಜಿ ಎಂಬ, ಇದೇ ಕೆಲಸದ ಇನ್ನೊಂದು ತಂತ್ರಾಂಶ ಬಳಸುವವರು ಅದರಲ್ಲಿ ದಿನಾಂಕ ಬದಲಿಸಿ, ಥಂಡರ್‌ಬರ್ಡ್‌ನಲ್ಲಿ ಯಾಕೆ ಬದಲಾಗಿಲ್ಲ ಅಂತ ತಲೆ ಕೆರೆದುಕೊಳ್ಳುತ್ತಾರೆ. ಥಂಡರ್‌ಬರ್ಡ್ ತನ್ನ ಕೀಗಳನ್ನು ತಾನೇ ಬೇರೆ ಇಟ್ಟುಕೊಳ್ಳುತ್ತದೆ. ಅಲ್ಲಿಗೂ ಹೊಸ ಪ್ರತಿ ಹಾಕಬೇಕು.

ಬೇರೆಯವರ ಕೀ ಹುಡುಕಲು ಕೀ ಸರ್ವರ್‌ಗಳಿವೆ. ಹಿಂದಿನ ಸರ್ವರ್‌ಗಳಿಗೆ ಯಾರು ಯಾರ ಹೆಸರಿನ ಕೀ ಬೇಕಾದರೂ ಹಾಕಬಹುದಿತ್ತು. ಒಮ್ಮೆ ಹಾಕಿದ್ದನ್ನು ಅಳಿಸಲು ಮಾತ್ರ ಆಗುತ್ತಿರಲಿಲ್ಲ. ಯಾವ ಸರ್ಕಾರವೂ ಬಂದು ತೆಗೆಸಬಾರದು ಅಂತ ಬೇಕೆಂದೇ ಹಾಗೆ ಕಟ್ಟಿದ್ದು. ಉದ್ದೇಶ ಒಳ್ಳೆಯದೇ. 2019ರಲ್ಲಿ ಅದೇ ತಿರುಗುಬಾಣವಾಯಿತು. ಇದೇ ಕ್ಷೇತ್ರದಲ್ಲಿ ಪಳಗಿದ ರಾಬರ್ಟ್ ಹ್ಯಾನ್ಸೆನ್ ಮತ್ತು ಡೇನಿಯಲ್ ಕಾನ್ ಗಿಲ್ಮೋರ್ ಅವರ ಕೀಗಳಿಗೆ ಯಾರೋ ಸಾವಿರಾರು ಸುಳ್ಳು ಸಹಿಗಳನ್ನು ಅಂಟಿಸಿಬಿಟ್ಟರು. ಸಹಿ ಅಂದರೆ ಈ ಕೀ ಇವರದೇ ಅಂತ ಬೇರೆಯವರು ಹಾಕುವ ಗುರುತು. ಆ ಕೀ ಇಳಿಸಿಕೊಂಡವರ ತಂತ್ರಾಂಶ ಅಲ್ಲೇ ಉಸಿರುಕಟ್ಟಿ ನಿಂತಿತು. ಸಹಿಗಳನ್ನು ತೆಗೆಯುವ ಉಪಾಯವೇ ಇರಲಿಲ್ಲ. ಅದೇ ವರ್ಷ ಬಂದ ಕೀಸ್ ಡಾಟ್ ಓಪನ್‌ಪಿಜಿಪಿ ಡಾಟ್ ಆರ್ಗ್ ಅನ್ನುವ ಸರ್ವರ್ ಮೊದಲು ನಿಮ್ಮ ವಿಳಾಸಕ್ಕೆ ಒಂದು ಮೇಲ್ ಕಳಿಸುತ್ತದೆ. ಅದರಲ್ಲಿರುವ ಲಿಂಕ್ ಒತ್ತಿದರೆ ಮಾತ್ರ ವಿಳಾಸ ಹಾಕಿ ಹುಡುಕಿದವರಿಗೆ ನಿಮ್ಮ ಕೀ ಸಿಗುತ್ತದೆ. ಹಾಕಿದ್ದೇನೆ, ಆದರೂ ಯಾರಿಗೂ ಸಿಗುತ್ತಿಲ್ಲ ಅನ್ನುವವರು ಆ ಲಿಂಕ್ ಒತ್ತಿದ್ದೀರಾ ನೋಡಿ. ಸ್ಪ್ಯಾಮ್‌ನಲ್ಲಿ ಬಿದ್ದಿರಬಹುದು.

ಸರ್ವರಿನಲ್ಲಿ ಸಿಕ್ಕಿತು ಅಂದಮಾತ್ರಕ್ಕೆ ಅದು ಅವರದೇ ಕೀ ಅಂತ ಅಲ್ಲ. ಅದಕ್ಕೆ ಫಿಂಗರ್‌ಪ್ರಿಂಟ್ ನೋಡಬೇಕು. ಈಗ ಬಹಳ ಜನರಲ್ಲಿರುವ ಕೀಗಳಿಗೆ ಅದು 40 ಅಂಕಿ-ಅಕ್ಷರಗಳ ಸಾಲು. ಕೊನೆಯ ಎಂಟು ನೋಡಿದರೆ ಸಾಕು ಅನ್ನುವ ಕಾಲ ಒಂದಿತ್ತು. ಕೊನೆಯ ಎಂಟು ಹೊಂದುವ ನಕಲಿ ಕೀಯನ್ನು ಮಾಮೂಲಿ ಕಂಪ್ಯೂಟರಿನಲ್ಲೇ ಹುಟ್ಟಿಸಬಹುದು. ಲಿನಕ್ಸ್‌ನ ಲೀನಸ್ ಟೋರ್ವಾಲ್ಡ್ಸ್ ಹೆಸರಿನಲ್ಲೂ ಅಂಥದೊಂದು ಓಡಾಡಿತ್ತು. ಹಾಗಾಗಿ ಪೂರ್ತಿ ಸಾಲನ್ನು ಕೀಯ ಒಡೆಯರಿಂದಲೇ ಓದಿಸಿ, ಫೋನಿನಲ್ಲಾದರೂ ಸರಿ. ಬಿ, ಡಿ, ಇ ಮೂರೂ ಫೋನಿನಲ್ಲಿ ಒಂದೇ ತರ ಕೇಳುತ್ತವೆ. ಬಿ ಫಾರ್ ಬೆಂಗಳೂರು, ಡಿ ಫಾರ್ ಧಾರವಾಡ ಅಂತ ಹೇಳಿಕೊಂಡು ಹೋಗಿ. ತಾಳೆಯಾದ ಮೇಲೆ ಥಂಡರ್‌ಬರ್ಡ್‌ನಲ್ಲಿ ಆ ಕೀಯನ್ನು ಒಪ್ಪಿದ್ದೇನೆ ಅಂತ ಗುರುತು ಹಾಕಬೇಕು. ಹಾಕದಿದ್ದರೆ ಕೀ ಇದ್ದರೂ ಮೇಲ್ ಹೋಗುವುದಿಲ್ಲ.

ನಿಮ್ಮ ಪಬ್ಲಿಕ್ ಕೀಯನ್ನು ಯಾರಿಗಾದರೂ ಕಳಿಸುವಾಗ ಆ ಫೈಲ್ ತೆರೆದು ಮೊದಲ ಸಾಲು ಓದಿ. ಪಬ್ಲಿಕ್ ಅಂತ ಇರಬೇಕು. ಪ್ರೈವೇಟ್ ಅಂತ ಇದ್ದರೆ ಅಲ್ಲೇ ನಿಲ್ಲಿ. 2017ರಲ್ಲಿ ಅಡೋಬಿಯ ಭದ್ರತಾ ತಂಡವೇ ಪಬ್ಲಿಕ್ ಕೀಯ ಜೊತೆಗೆ ಪ್ರೈವೇಟ್ ಕೀಯನ್ನೂ ತನ್ನ ಪುಟದಲ್ಲಿ ಹಾಕಿಬಿಟ್ಟಿತ್ತು. ಆ ಕೀ ರದ್ದಾಗಿ ಹೊಸದು ಬಂತು.

ರದ್ದು ಮಾಡಲು ರಿವೊಕೇಶನ್ ಸರ್ಟಿಫಿಕೇಟ್ ಬೇಕು. ಲ್ಯಾಪ್‌ಟಾಪ್ ಕಳೆದು ಪ್ರೈವೇಟ್ ಕೀಯೂ ಹೋದರೆ, ಮೊದಲೇ ಮಾಡಿಟ್ಟ ಈ ಫೈಲ್ ಒಂದೇ ಗತಿ. ಜಿಎನ್‌ಯು ಪಿಜಿ ಈಗ ಕೀ ಮಾಡಿದಾಗಲೇ ಇದನ್ನೂ ಮಾಡಿಡುತ್ತದೆ. ಕೈತಪ್ಪಿ ಬಳಸಬಾರದು ಅಂತ ಒಳಗಿನ ಸಾಲಿನ ಮುಂದೆ ಒಂದು ಕೋಲನ್ ಚಿಹ್ನೆ ಇಟ್ಟಿರುತ್ತದೆ. ನಿಜವಾಗಿ ಬೇಕಾದ ದಿನ ಅದನ್ನು ಅಳಿಸಿ ಬಳಸಬೇಕು. ಅದು ಗೊತ್ತಿಲ್ಲದೆ, ಫೈಲ್ ಕೆಟ್ಟಿದೆ ಅಂದುಕೊಂಡು ಕೈಬಿಡುವವರಿದ್ದಾರೆ. ಈ ಫೈಲನ್ನು ಲ್ಯಾಪ್‌ಟಾಪಿನಲ್ಲೇ ಬಿಡಬೇಡಿ, ಪೆನ್‌ಡ್ರೈವ್‌ಗೆ ಹಾಕಿ ಬೇರೆ ಕಡೆ ಇಡಿ.

ರದ್ದು ಮಾಡಿದ ಮೇಲೂ ಹಳೇ ಪ್ರೈವೇಟ್ ಕೀ ಇದ್ದರೆ ಅಳಿಸಬೇಡಿ. ಐದು ವರ್ಷದ ಹಿಂದೆ ಬಂದ ಮೇಲ್ ತೆರೆಯುವುದು ಅದರಿಂದಲೇ. ಅದರ ಪಾಸ್‌ಫ್ರೇಸನ್ನೂ, ಅಂದರೆ ಆ ಕೀಗೆ ಹಾಕಿದ ಪಾಸ್‌ವರ್ಡನ್ನೂ, ಬರೆದು ಭದ್ರವಾಗಿಡಿ. ಪಾಸ್‌ವರ್ಡ್ ಮರೆತಿರಾ ಅನ್ನುವ ಬಟನ್ ಇಲ್ಲಿಲ್ಲ, ಫೋನ್ ಮಾಡಿ ಕೇಳಲು ಕಸ್ಟಮರ್ ಕೇರೂ ಇಲ್ಲ.

ನಮಸ್ಕಾರ.