ಸುಮ್ನೆ ದಾಟಿ ಹೋಗಬೇಡಿ, ನಿಂತು ನೋಡಿ

ಕೇಳುಗರಿಗೆ ನಮಸ್ಕಾರ. ಫೋಟೊ ಪ್ರದರ್ಶನದ ಬಗ್ಗೆ ರೇಡಿಯೊದಲ್ಲಿ ಮಾತಾಡಿ ಅಂದಾಗ ನಗು ಬಂತು, ತೋರಿಸುವುದಕ್ಕೆ ಇಲ್ಲಿ ಏನೂ ಇಲ್ಲ ಅಲ್ವಾ! ಆದರೂ ಒಪ್ಪಿಕೊಂಡೆ, ಜನೇಲೆ ಮುಹೋಲಿ ಅನ್ನುವ ಫೋಟೊಗ್ರಾಫರ್ ಅಂದರೆ ನನಗೆ ಅಷ್ಟು ಇಷ್ಟ.

ಮುಹೋಲಿ ಹುಟ್ಟಿದ್ದು 1972ರಲ್ಲಿ, ದಕ್ಷಿಣ ಆಫ್ರಿಕಾದ ಡರ್ಬನ್ ಹತ್ತಿರದ ಉಮ್ಲಾಜಿಯಲ್ಲಿ. ತಮ್ಮ ಹಾಗೇ ಕಪ್ಪು ವರ್ಣದ, ಕ್ವಿಯರ್ ಆದ, ಅಂದರೆ ಲಿಂಗ ಮತ್ತು ಪ್ರೀತಿಯ ವಿಷಯದಲ್ಲಿ ಬಹುಪಾಲು ಜನರಿಗಿಂತ ಬೇರೆಯಾದ ಜನರ ಮುಖಗಳನ್ನು 2006ರಿಂದ ಫೋಟೊ ತೆಗೆಯುತ್ತಾ ಬಂದಿದ್ದಾರೆ. ಇವರಲ್ಲಿ ಲೆಸ್ಬಿಯನ್ನರಿದ್ದಾರೆ, ಟ್ರಾನ್ಸ್ ಜನರಿದ್ದಾರೆ. ಮುಹೋಲಿಯ ದೊಡ್ಡ ಪ್ರದರ್ಶನ ಲಂಡನ್ನಿನ ಕಲಾ ಸಂಗ್ರಹಾಲಯ ಟೇಟ್ ಮಾಡರ್ನ್‌ನಲ್ಲಿ 2020ರಲ್ಲಿ ತೆರೆಯಿತು, ಕೊರೊನಾದಿಂದ ಬಾಗಿಲು ಹಾಕಬೇಕಾಯಿತು, 2024ರಲ್ಲಿ ಮತ್ತೆ ಬಂತು. ಗೋಡೆ ತುಂಬ ಕಪ್ಪು ಬಿಳುಪು ಮುಖಗಳು. ಒಬ್ಬರೂ ನಗುತ್ತಾ ಪೋಸು ಕೊಟ್ಟಿಲ್ಲ, ನೇರ ನಿಮ್ಮನ್ನೇ ನೋಡುತ್ತಾರೆ. ಇನ್ನೊಂದು ಕಡೆ ವಿಡಿಯೊದಲ್ಲಿ ಅಂಥವರೇ ತಮ್ಮ ಕಥೆಯನ್ನು ತಮ್ಮ ಬಾಯಿಂದಲೇ ಹೇಳುತ್ತಾರೆ. ಗೋಡೆಯ ಮೇಲೆ ಅಲ್ಲಲ್ಲಿ ಖಾಲಿ ಜಾಗ. ಕೆಲವು ಈಗ ಇಲ್ಲದವರಿಗಾಗಿ, ಕೆಲವು ಇನ್ನೂ ಬರಬೇಕಾದವರಿಗಾಗಿ.

ನಾನು ಹೇಳುವುದು ಒಂದೇ ಮಾತು: ನಿಂತು ನೋಡಿ. ಮೊಬೈಲ್ ಎತ್ತಿ ಕ್ಲಿಕ್ ಮಾಡಿ ಮುಂದೆ ಓಡಬೇಡಿ, ದಯವಿಟ್ಟು.

ನೋಡದೆ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಪ್ರಸಂಗ ಹೇಳುತ್ತೇನೆ. 2009ರ ಆಗಸ್ಟ್. ಜೋಹಾನ್ಸ್‌ಬರ್ಗ್‌ನ ಕಾನ್ಸ್ಟಿಟ್ಯೂಷನ್ ಹಿಲ್‌ನಲ್ಲಿ ಕಪ್ಪು ಕಲಾವಿದೆಯರ ಒಂದು ಪ್ರದರ್ಶನ. ಜಾಗ ಯಾವುದು ಗೊತ್ತಾ? ಹಳೆಯ ಜೈಲು. 1908ರಲ್ಲಿ ನಮ್ಮ ಗಾಂಧೀಜಿಯನ್ನು ಇಟ್ಟಿದ್ದದ್ದು ಅಲ್ಲೇ, ಆಮೇಲೆ ಮಂಡೇಲಾ ಅವರನ್ನೂ ಇಟ್ಟಿದ್ದರು. ಈಗ ಅದೇ ಗುಡ್ಡದ ಮೇಲೆ ಆ ದೇಶದ ಸಂವಿಧಾನ ನ್ಯಾಯಾಲಯ ಇದೆ. ಪ್ರದರ್ಶನಕ್ಕೆ ಆಗಿನ ಕಲೆ ಮತ್ತು ಸಂಸ್ಕೃತಿ ಸಚಿವೆ ಬಂದರು, ಭಾಷಣ ಮಾಡಬೇಕಿತ್ತು. ಮುಹೋಲಿಯ ಫೋಟೊದಲ್ಲಿ ಬೆತ್ತಲೆಯಾಗಿ ತಬ್ಬಿಕೊಂಡ ಇಬ್ಬರು ಹೆಂಗಸರನ್ನು ಕಂಡದ್ದೇ ತಡ, ಭಾಷಣವನ್ನೂ ಮಾಡದೆ ಎದ್ದು ಹೋದರು. ಇದೆಲ್ಲ ಅನೈತಿಕ, ದೇಶ ಕಟ್ಟುವ ಕೆಲಸಕ್ಕೆ ವಿರುದ್ಧ ಅಂತ ಆಮೇಲೆ ಅಂದರಂತೆ. ಅಲ್ಲಾ ಸ್ವಾಮಿ, ಸಲಿಂಗಿಗಳ ಹಕ್ಕನ್ನು ಸಂವಿಧಾನದಲ್ಲೇ ಬರೆದ ಮೊದಲ ದೇಶ ಅದು, 1996ರಲ್ಲೇ! ಅಲ್ಲೇ ಕೂತ ನ್ಯಾಯಾಲಯದ ತೀರ್ಪಿನಿಂದ 2006ರಲ್ಲಿ ಮದುವೆಯ ಹಕ್ಕೂ ಬಂದಿತ್ತು. ಕಾನೂನು ಬಂದರೂ ಬೀದಿಯಲ್ಲಿ ಇಂಥ ಜನರ ಮೇಲೆ ಅತ್ಯಾಚಾರ, ಕೊಲೆ ನಿಂತಿರಲಿಲ್ಲ. ಅದಕ್ಕೇ ಮುಹೋಲಿ ಈ ಮುಖಗಳನ್ನು ಉಳಿಸಲು ಹೊರಟಿದ್ದು, ಇದು ಅರ್ಥವಾಗುವಷ್ಟು ಹೊತ್ತು ಸಚಿವೆ ನಿಂತು ನೋಡಿದ್ದರೆ ಸಾಕಿತ್ತು.

ಕಥೆಯಲ್ಲೇ ಸಮಯ ಹೋಯಿತು, ಉಳಿದದ್ದು ಬೇಗ ಹೇಳುತ್ತೇನೆ. 2012ರಲ್ಲಿ ಕೇಪ್ ಟೌನ್‌ನ ಅವರ ಮನೆಗೆ ಕಳ್ಳರು ನುಗ್ಗಿ 20ಕ್ಕೂ ಜಾಸ್ತಿ ಹಾರ್ಡ್ ಡ್ರೈವ್ ಎತ್ತಿಕೊಂಡು ಹೋದರು. ವರ್ಷಗಳ ಕೆಲಸ ಹೋಯಿತು, ಮುಹೋಲಿ ಮತ್ತೆ ತೆಗೆಯಲು ಶುರು ಮಾಡಿದರು. ಬರೀ ತಾವು ತೆಗೆಯುವುದಲ್ಲ, ತಮ್ಮ ಜನರ ಕೈಗೂ ಕ್ಯಾಮೆರಾ ಕೊಟ್ಟು ಕಲಿಸಿದರು. ನನ್ನ ಮಟ್ಟಿಗೆ ಒಗ್ಗಟ್ಟು ಅಂದರೆ ಇದೇ.

ಇನ್ನು ಮುಹೋಲಿ ತಮ್ಮನ್ನೇ ತೆಗೆದುಕೊಂಡ ಫೋಟೊಗಳ ಸರಣಿ. ಅದರಲ್ಲೊಂದು ಬೆಸ್ಟರ್, ಮನೆಗೆಲಸ ಮಾಡಿ ದಶಕಗಟ್ಟಲೆ ದುಡಿದ ತಾಯಿಯ ಹೆಸರು. ಬಟ್ಟೆ ಒಣಹಾಕುವ ಕ್ಲಿಪ್ಪುಗಳೇ ತಲೆಗೆ ಕಿರೀಟ, ಕಿವಿಗೆ ಓಲೆ. ಚರ್ಮದ ಬಣ್ಣವನ್ನು ಬೇಕಂತಲೇ ಇನ್ನೂ ಕಪ್ಪು ಮಾಡಿದ್ದಾರೆ. ಇಂಟರ್ನೆಟ್‌ನಲ್ಲಿ ಸಿಗುತ್ತದೆ, ಇವತ್ತೇ ಹುಡುಕಿ. ಸಿಕ್ಕ ಮೇಲೆ ಬೆರಳಿನಿಂದ ಸರಕ್ಕನೆ ಮೇಲೆ ತಳ್ಳಬೇಡಿ, ಆಯ್ತಾ? ನಮಸ್ಕಾರ.