ಲಕೋಟೆ ಅಂಟಿಸಬೇಕೋ, ಬೇಡವೋ

(ಚಿಕ್ಕಮಗಳೂರಿನಲ್ಲಿ ಡಿಸೆಂಬರ್ ಮೊದಲ ವಾರ ಕೊಟ್ಟ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಅರೇಬಿಕಾ ಕಾಫಿ ಕುಯ್ಲಿನ ಹೊತ್ತು. ಆಳು ಸಿಕ್ಕಿದ ದಿನವೇ ಕುಯ್ಯಬೇಕು. ಅಂಥದ್ದರಲ್ಲೂ ಇಷ್ಟು ಜನ ಬಂದು ಕೂತಿದ್ದೀರಿ. ತೋಟ ಇರುವವರು ಮಧ್ಯದಲ್ಲಿ ಎದ್ದು ಹೋದರೆ ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ನನ್ನದೂ ತೋಟದಲ್ಲೇ ಬೆಳೆದ ಜೀವ.

ಕ್ರಿಸ್ಮಸ್ ಕಾರ್ಡಿನ ಪರಂಪರೆ ಬಗ್ಗೆ ಮಾತಾಡಿ ಅಂದರು. ಪರಂಪರೆ ಅನ್ನುವ ಪದ ಕೇಳಿದರೆ ನನಗೆ ಸ್ವಲ್ಪ ಭಯ. ನಾನು ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿದವಳು, ಅಷ್ಟೇ. ಹಾಗಾಗಿ ನಮ್ಮ ಮನೆಯ ಒಂದು ಜಗಳದಿಂದ ಶುರು ಮಾಡುತ್ತೇನೆ.

ನಮ್ಮಪ್ಪ ಆಲ್ದೂರು ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ತೋಟದ ರೈಟರ್ ಅಂದರೆ ಕಥೆ ಕವನ ಬರೆಯುವವರಲ್ಲ. ಆಳುಗಳ ಹಾಜರಿ, ಬಟವಾಡೆ, ಹಣ್ಣಿನ ಲೆಕ್ಕ ಬರೆಯುವವರು. ಮಂಗಳೂರು ಕಡೆಯಿಂದ ಘಟ್ಟ ಹತ್ತಿ ಬಂದ ಮನೆ ನಮ್ಮದು. ಮನೆಮಾತು ಕೊಂಕಣಿ, ಅಕ್ಷರ ಕನ್ನಡ. ಡಿಸೆಂಬರ್ ಬಂತೆಂದರೆ ಅಪ್ಪನಿಗೆ ಹಗಲೆಲ್ಲ ಕುಯ್ಲಿನ ಲೆಕ್ಕ. ಅಮ್ಮನಿಗೆ ಕುಸ್ವಾರಿನ, ಅಂದರೆ ಕ್ರಿಸ್ಮಸ್ ತಿಂಡಿಗಳ ಗಡಿಬಿಡಿ. ನೆವ್ರಿ, ಕಿಡಿಯೊ, ಕೊಕ್ಕಿಸ್, ಚಕ್ಕುಲಿ, ಎಲ್ಲ ಡಬ್ಬ ತುಂಬಬೇಕು. ಕಾರ್ಡು ಬರೆಯಲು ಉಳಿಯುತ್ತಿದ್ದದ್ದು ರಾತ್ರಿ ಊಟದ ಮೇಲಿನ ಹೊತ್ತು. ಸುಮಾರು ನಲವತ್ತು ಕಾರ್ಡು. ಸೀಮೆಎಣ್ಣೆ ದೀಪದ ಆ ಕಡೆ ಅಪ್ಪ, ಈ ಕಡೆ ಅಮ್ಮ.

ಜಗಳ ಇದ್ದದ್ದು ಗಮ್ಮಿನ ಬಗ್ಗೆ. ನಿಮ್ಮಲ್ಲಿ ತಲೆ ಬೆಳ್ಳಗಾದವರಿಗೆ ಗೊತ್ತಿರುತ್ತದೆ. ಲಕೋಟೆಯನ್ನು ಅಂಟಿಸದೆ, ಬಾಯಿ ಸುಮ್ನೆ ಒಳಗೆ ತುರುಕಿ, ಮೇಲೆ ‘ಬುಕ್ ಪೋಸ್ಟ್’ ಎಂದು ಬರೆದರೆ ಆಗ ಅಂಚೆ ಖರ್ಚು ಕಡಿಮೆ ಆಗುತ್ತಿತ್ತು. ಆದರೆ ಒಂದು ಷರತ್ತು. ಒಳಗೆ ಕಾಗದ ಬರೆದ ಹಾಗೆ ಬರೆಯುವಂತಿರಲಿಲ್ಲ. ಅಚ್ಚಾದ ಶುಭಾಶಯ, ಕೆಳಗೆ ನಿಮ್ಮ ಹೆಸರು, ಮುಗಿಯಿತು. ಅಪ್ಪ ಲೆಕ್ಕದ ಮನುಷ್ಯ, ಬುಕ್ ಪೋಸ್ಟಿನ ಪಕ್ಷ. ಅಮ್ಮ ಗಮ್ ಬಾಟಲಿ ಹಿಡಿದು ಕೂರುತ್ತಿದ್ದಳು. ಎರಡು ಸಾಲು ಬರೆಯದೆ ಕಳಿಸುವುದಾದರೆ ಕಳಿಸುವುದೇ ಯಾಕೆ ಅನ್ನುವುದು ಅವಳ ಪ್ರಶ್ನೆ.

‘ಬದುಕಿದ್ದೀವಿ ಅಂತ ಗೊತ್ತಾಗಲಿ ಅಂತ’ ಎಂದು ಅಪ್ಪ.

‘ಹೇಗೆ ಬದುಕಿದ್ದೀವಿ ಅಂತ ಗೊತ್ತಾಗೋದು ಬೇಡವಾ?’ ಎಂದು ಅಮ್ಮ.

ಆಮೇಲೆ ನಾನು ಓದಿ ತಿಳಿದದ್ದೇನೆಂದರೆ, ಕ್ರಿಸ್ಮಸ್ ಕಾರ್ಡು ಹುಟ್ಟಿದ್ದೇ ಈ ಜಗಳದ ನಡುವೆ. ಅದೂ ಅಪ್ಪನ ಪಕ್ಷದಲ್ಲಿ.

ಲಂಡನ್ನಿನಲ್ಲಿ ಹೆನ್ರಿ ಕೋಲ್ ಅಂತ ಒಬ್ಬರಿದ್ದರು. ಮುಂದೆ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಎಂದು ಹೆಸರಾದ ಸಂಸ್ಥೆಯ ಮೊದಲ ನಿರ್ದೇಶಕ ಅವರೇ. ಅದಕ್ಕೂ ಮೊದಲು ಅಂಚೆ ಸುಧಾರಣೆಯಲ್ಲಿ ರೋಲೆಂಡ್ ಹಿಲ್ ಜೊತೆ ಕೈಜೋಡಿಸಿದ್ದರು. 1840ರಲ್ಲಿ ಬ್ರಿಟನ್ನಿನಲ್ಲಿ ಪೆನ್ನಿ ಅಂಚೆ ಬಂತು. ದೇಶದೊಳಗೆ ಎಷ್ಟೇ ದೂರ ಇರಲಿ, ಹಗುರವಾದ ಕಾಗದಕ್ಕೆ ಒಂದೇ ಪೆನ್ನಿ. ಅದಕ್ಕೆ ಮುಂಚೆ ದೂರ ನೋಡಿ, ಹಾಳೆ ಎಣಿಸಿ ದುಡ್ಡು ಕೇಳುತ್ತಿದ್ದರು. ಆ ದುಡ್ಡನ್ನು ಹೆಚ್ಚಾಗಿ ಕಾಗದ ತೆಗೆದುಕೊಳ್ಳುವವರೇ ಕೊಡಬೇಕಿತ್ತು. ಪೆನ್ನಿ ಅಂಚೆ ಬಂದ ಮೇಲೆ ಜನ ಬರೆದರು, ಬರೆದರು, ಬರೆಯುತ್ತಲೇ ಹೋದರು. ಕೋಲ್ ಅವರ ಮೇಜಿನ ಮೇಲೆ ಉತ್ತರ ಕೊಡಬೇಕಾದ ಕಾಗದಗಳ ರಾಶಿ ಬಿತ್ತು. ತಾವೇ ತೆರೆದ ತೂಬಿನ ನೀರು ತಮ್ಮ ಗದ್ದೆಗೇ ನುಗ್ಗಿದ ಹಾಗೆ.

1843ರಲ್ಲಿ ಅವರು ಜಾನ್ ಕಾಲ್ಕಾಟ್ ಹಾರ್ಸ್‌ಲಿ ಎಂಬ ಚಿತ್ರಕಾರರಿಂದ ಒಂದು ಚಿತ್ರ ಬರೆಸಿದರು. ಸುಮಾರು ಸಾವಿರ ಪ್ರತಿ ಕಲ್ಲಚ್ಚಿನಲ್ಲಿ ತೆಗೆಸಿ, ಕೈಯಿಂದ ಬಣ್ಣ ಹಾಕಿಸಿದರು. ನಡುವೆ ಅಜ್ಜ ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಒಂದು ತುಂಬಿದ ಸಂಸಾರ. ಒಂದು ಪಕ್ಕದಲ್ಲಿ ಬಡವರಿಗೆ ಊಟ, ಇನ್ನೊಂದು ಪಕ್ಕದಲ್ಲಿ ಬಟ್ಟೆ ಕೊಡುವ ಚಿತ್ರ. ಯಾರಿಗೆ, ಯಾರಿಂದ ಅನ್ನುವುದಕ್ಕೆ ಎರಡು ಖಾಲಿ ಜಾಗ. ಹೆಸರು ತುಂಬಿದರೆ ಕೆಲಸ ಆಯಿತು. ತಮಗೆ ಬೇಕಾದಷ್ಟು ಬಳಸಿ, ಉಳಿದದ್ದನ್ನು ಒಂದೊಂದು ಶಿಲಿಂಗಿಗೆ ಮಾರಾಟಕ್ಕೆ ಇಡಿಸಿದರು. ಒಂದು ಶಿಲಿಂಗ್ ಅಂದರೆ ಹನ್ನೆರಡು ಪೆನ್ನಿ. ಹನ್ನೆರಡು ಕಾಗದ ಕಳಿಸುವ ದುಡ್ಡು! ನಮ್ಮಪ್ಪ ಕೊಳ್ಳುತ್ತಿರಲಿಲ್ಲ ಬಿಡಿ.

ಆ ಚಿತ್ರಕ್ಕೆ ಬೈಗುಳವೂ ಬಂತು. ಸಂಸಾರದವರೆಲ್ಲ ವೈನ್ ಲೋಟ ಎತ್ತಿದ್ದಾರೆ, ಒಂದು ಪುಟ್ಟ ಮಗುವಿಗೂ ಕುಡಿಸುತ್ತಿದ್ದಾರೆ. ಪಾನ ವಿರೋಧಿಗಳು ಸುಮ್ಮನಿರುತ್ತಾರಾ? ನಮ್ಮ ಮನೆಯಲ್ಲೂ ದ್ರಾಕ್ಷಿ ಹಾಕಿದ ಭರಣಿ ಒಂದು ಮೂಲೆಯಲ್ಲಿ ಇರುತ್ತಿತ್ತು. ಅದರ ವಿಚಾರ ಇಲ್ಲಿ ಬೇಡ.

ನಾನು ಹೇಳಬೇಕೆಂದಿರುವುದು ಇಷ್ಟು. ಕಾರ್ಡು ಹುಟ್ಟಿದ್ದು ಪ್ರೀತಿ ಉಕ್ಕಿ ಅಲ್ಲ, ಕಾಗದ ಬರೆಯುವ ಕೆಲಸ ತಪ್ಪಿಸಿಕೊಳ್ಳಲು. ಈಗ ನಮ್ಮ ವಯಸ್ಸಿನವರು ಸೇರಿದರೆ ವಾಟ್ಸಾಪ್ ಫಾರ್ವರ್ಡ್ ಬಗ್ಗೆ ಗೊಣಗುತ್ತೇವೆ, ಅಲ್ವಾ? ಒಂದೇ ಚಿತ್ರ, ಇನ್ನೂರು ಜನಕ್ಕೆ, ಒಂದೇ ಸಲಕ್ಕೆ. ಆದರೆ ಮೊದಲ ಫಾರ್ವರ್ಡ್ ಮಾಡಿದವರು ಕೋಲ್ ಸಾಹೇಬರೇ. ಇನ್ನೂರು ಜನಕ್ಕೆ ಕಳಿಸಿದ್ದು ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ಆ ಖಾಲಿ ಜಾಗದಲ್ಲಿ ಒಬ್ಬರ ಹೆಸರು ಬರೆಯುವಾಗ ಆ ಒಬ್ಬರು ಕಣ್ಣ ಮುಂದೆ ಬಂದು ಹೋಗುತ್ತಾರಲ್ಲ, ಫಾರ್ವರ್ಡಿನಲ್ಲಿ ಆ ಜಾಗವೇ ಇಲ್ಲ. ನನ್ನ ತಕರಾರು ಅಷ್ಟಕ್ಕೆ ಮಾತ್ರ.

ಮುಂದಿನ ಚರಿತ್ರೆ ಬೇಗ ಹೇಳಿಬಿಡುತ್ತೇನೆ. 1870ರಲ್ಲಿ ಬ್ರಿಟನ್ನಿನಲ್ಲಿ ಅಂಚೆ ಕಾರ್ಡಿಗೆ ಅರ್ಧ ಪೆನ್ನಿ ದರ ಬಂತು, ಕಾರ್ಡು ಎಲ್ಲರ ಮನೆಗೂ ಇಳಿಯಿತು. 1875ರಲ್ಲಿ ಬಾಸ್ಟನ್ನಿನ ಲೂಯಿ ಪ್ರಾಂಗ್ ಅಮೆರಿಕದಲ್ಲಿ ಬಣ್ಣದ ಕಾರ್ಡು ಮಾರಾಟಕ್ಕೆ ತಂದರು. ಕಾರ್ಡುಗಳ ಮೇಲೆ ಕೂತಿರುವ ಕೆಂಪೆದೆಯ ರಾಬಿನ್ ಹಕ್ಕಿಗೂ ಅಂಚೆಗೂ ನಂಟಿದೆ. ಆ ಕಾಲದ ಬ್ರಿಟಿಷ್ ಪೋಸ್ಟ್‌ಮ್ಯಾನ್‌ಗಳು ಕೆಂಪು ಕೋಟು ಹಾಕುತ್ತಿದ್ದರು, ಜನ ಅವರನ್ನು ರಾಬಿನ್ ಎಂದೇ ಕರೆಯುತ್ತಿದ್ದರು.

ಈ ರಾಬಿನ್, ಈ ಹಿಮಸಾರಂಗ, ಈ ಬಿಳಿ ಬೆಟ್ಟ ನಮ್ಮ ತೋಟದ ಮನೆಗೂ ಬರುತ್ತಿದ್ದವು. ಚಿಕ್ಕವಳಿದ್ದಾಗ ನನಗೆ ಏನೂ ವಿಚಿತ್ರ ಅನ್ನಿಸಿರಲಿಲ್ಲ. ‘ಇದೇನು?’ ಎಂದು ಕೇಳಿದರೆ ಅಪ್ಪ ‘ಮಂಜು’ ಅನ್ನುತ್ತಿದ್ದರು. ಮಂಜು ನಮಗೆ ಗೊತ್ತಿಲ್ಲವಾ? ಬೆಳಿಗ್ಗೆ ಕಣದಲ್ಲಿ ನಿಂತರೆ ಪಕ್ಕದ ಸಿಲ್ವರ್ ಮರ ಕಾಣುವುದಿಲ್ಲ. ಮುಳ್ಳಯ್ಯನಗಿರಿ ಇಡೀ ದಿನ ನಾಪತ್ತೆ. ಯೇಸು ಹುಟ್ಟಿದ ಊರು, ಕಾರ್ಡು ಹುಟ್ಟಿದ ಊರು, ಆಲ್ದೂರು, ಎಲ್ಲಾ ಕಡೆ ಒಂದೇ ಮಂಜು ಅಂದುಕೊಂಡಿದ್ದೆ. ಅದು ನೆಲದ ಮೇಲೆ ಬಿದ್ದು ರಾಶಿಯಾಗುತ್ತದೆ, ಅದರಲ್ಲಿ ಕಾಲು ಹೂತುಹೋಗುತ್ತದೆ ಎಂದು ಗೊತ್ತಾಗುವಾಗ ನಾನು ಹೈಸ್ಕೂಲು. ಕನ್ನಡ ಎರಡಕ್ಕೂ ಒಂದೇ ಮಾತು ಇಟ್ಟು ನನ್ನನ್ನು ಅಷ್ಟು ವರ್ಷ ಖುಷಿಯಾಗಿ ಇಟ್ಟಿತ್ತು.

ಮೇಡಂ ಆದ ಮೇಲೆ ನಾನು ಮಕ್ಕಳ ಕೈಯಲ್ಲಿ ಕಾರ್ಡು ಮಾಡಿಸುತ್ತಿದ್ದೆ. ಕ್ರಿಸ್ಮಸ್ಸಿಗೆ, ಸಂಕ್ರಾಂತಿಗೆ, ರಂಜಾನಿಗೆ. ಹತ್ತಿ ಅಂಟಿಸಿ ಮಂಜು ಮಾಡುವುದನ್ನು ಮೊದಲ ವರ್ಷವೇ ನಿಲ್ಲಿಸಿದೆ. ರಾಬಿನ್ ಬದಲು ನಮ್ಮ ಕೆಮ್ಮೀಸೆ ಪಿಕಳಾರ ಬರೆಯಿರಿ ಅಂದೆ. ಗೋವಾದ ಆಂಜೆಲೊ ಡ ಫೊನ್ಸೆಕ ಎಂಬ ಕಲಾವಿದರು ಶಾಂತಿನಿಕೇತನದಲ್ಲಿ ಕಲಿತು ಬಂದು, ಸೀರೆ ಉಟ್ಟ ಮರಿಯಮ್ಮನನ್ನು, ಅಂದರೆ ಯೇಸುವಿನ ತಾಯಿಯನ್ನು ಚಿತ್ರಿಸಿದವರು. ಆ ಚಿತ್ರ ತೋರಿಸಿದ ಮೇಲೆ ಮಕ್ಕಳಿಗೆ ಧೈರ್ಯ ಬಂತು. ಒಬ್ಬ ಹುಡುಗ ಗೋದಲಿಯ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಪಕ್ಕ, ಮಗುವಿಗೆ ಕಾಣಿಕೆ ತಂದ ಮೂವರು ರಾಯರನ್ನು ಕಾಫಿ ಚೀಲ ಹೊರಿಸಿ ನಿಲ್ಲಿಸಿದ. ಚಿನ್ನ, ಧೂಪ, ರಕ್ತಬೋಳ ಎಲ್ಲಿ ಎಂದು ಕೇಳಿದೆ. ‘ಈ ವರ್ಷ ಕಾಫಿಗೇ ರೇಟು ಮೇಡಂ’ ಅಂದ.

ಸಾಮಾನು ಇಲ್ಲ ಎಂದು ಅಳುವ ಮಕ್ಕಳಿಗೆ ಯೂನಿಸೆಫ್, ಅಂದರೆ ವಿಶ್ವಸಂಸ್ಥೆಯ ಮಕ್ಕಳ ನಿಧಿಯ ಕಾರ್ಡಿನ ಕಥೆ ಹೇಳುತ್ತಿದ್ದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಚೆಕೊಸ್ಲೊವಾಕಿಯದ ಒಂದು ಹಳ್ಳಿಯ ಏಳು ವರ್ಷದ ಹುಡುಗಿ, ತನ್ನ ಊರಿಗೆ ಬಂದ ಸಹಾಯಕ್ಕೆ ಥ್ಯಾಂಕ್ಸ್ ಹೇಳಲು ಚಿತ್ರ ಬರೆದಳು. ಕಾಗದ ಸಿಗಲಿಲ್ಲ, ಗಾಜಿನ ಮೇಲೆ ಬರೆದಳು. 1949ರಲ್ಲಿ ಅದೇ ಯೂನಿಸೆಫ್‌ನ ಮೊದಲ ಕಾರ್ಡು ಆಯಿತು. ನಮಗೆ ಕಾಗದವಾದರೂ ಇದೆಯಲ್ಲ! ಬಣ್ಣಕ್ಕೆ ಗಟ್ಟಿ ಡಿಕಾಕ್ಷನ್ ಇದೆ. ಅಚ್ಚು ಹಾಕಲು ಜರಿಗಿಡ ಇದೆ. ರಸ್ತೆ ಬದಿಯ ದರೆಯಲ್ಲಿ ಬೆಳೆಯುತ್ತದೆ ನೋಡಿ, ಎಲೆಯ ಕೆಳಮೈ ಬೆಳ್ಳಗೆ ಪುಡಿ ಬಳಿದ ಹಾಗಿರುವುದು. ಚಿಕ್ಕವರಿದ್ದಾಗ ತೋಳಿನ ಮೇಲಿಟ್ಟು ಫಟ್ ಅಂತ ಹೊಡೆದು ಹಚ್ಚೆ ಹಾಕಿಕೊಳ್ಳದವರು ಈ ಜಿಲ್ಲೆಯಲ್ಲಿ ಯಾರಿದ್ದಾರೆ? ಅದನ್ನೇ ಕಪ್ಪು ಕಾಗದದ ಮೇಲೆ ಒತ್ತಿದರೆ, ಒಂದೊಂದು ಎಳೆಯೂ ಬಿಳಿಯಾಗಿ ಮೂಡಿ, ಮಂಜು ಬಿದ್ದ ಕ್ರಿಸ್ಮಸ್ ಮರವೇ ಸಿದ್ಧ.

ನಾನು ಮಾಡಿದ ಒಂದು ಅನಾಹುತವನ್ನೂ ಹೇಳಬೇಕು. ನನಗೆ ಒಂಬತ್ತು ವರ್ಷ. ಸ್ಟಾಂಪು ಕೂಡಿಡುವ ಹುಚ್ಚು. ತೋಟದ ಟಪಾಲು ಚೀಲಕ್ಕೆ ಹಾಕಲು ಇಟ್ಟಿದ್ದ ಕಾರ್ಡುಗಳಲ್ಲಿ ಏಳೆಂಟರ ಸ್ಟಾಂಪನ್ನು ಒದ್ದೆ ಬಟ್ಟೆ ಇಟ್ಟು ಬಿಡಿಸಿಕೊಂಡೆ. ಅವು ಹಾಗೇ ಹೋದವು, ಬೇರಿಂಗ್ ಆಗಿ. ಸ್ಟಾಂಪಿಲ್ಲದ ಕಾಗದಕ್ಕೆ ತೆಗೆದುಕೊಳ್ಳುವವರು ಎರಡು ಪಟ್ಟು ಕೊಡಬೇಕಿತ್ತು. ಮುಂಬಯಿಯ ಚಿಕ್ಕಪ್ಪ ಬರೆದರು: ‘ನಿಮ್ಮ ಶುಭಾಶಯ ಈ ವರ್ಷ ಸ್ವಲ್ಪ ದುಬಾರಿಯಾಯಿತು.’ ಬೆನ್ನಿಗೆ ಎರಡು ಬಿತ್ತು. ಆದರೆ ಎಲ್ಲರೂ ದುಡ್ಡು ಕೊಟ್ಟು ಬಿಡಿಸಿಕೊಂಡಿದ್ದರು, ಒಂದೂ ವಾಪಸ್ ಬರಲಿಲ್ಲ. ಅಮ್ಮ ಅದನ್ನು ಬಹಳ ವರ್ಷ ಹೇಳಿಕೊಂಡು ಓಡಾಡಿದಳು.

ಇನ್ನು ವಿಳಾಸದ ಪುಸ್ತಕ. ಕಾರ್ಡುಗಳು ಹೋದವು, ಅದು ಮಾತ್ರ ನನ್ನ ಹತ್ತಿರ ಉಳಿದಿದೆ. ಇದೇ ನೋಡಿ. ಅಪ್ಪನ ಹಾಜರಿ ಪುಸ್ತಕದ ಹಾಗೆ ಗೆರೆ ಎಳೆದದ್ದು. ಹೆಸರು, ಊರು, ಆಮೇಲೆ ವರ್ಷಕ್ಕೆ ಎರಡು ಮನೆ: ‘ಹೋಯಿತು’, ‘ಬಂತು’. 1972ರ ಆಗಸ್ಟ್ 15ಕ್ಕೆ ಪಿನ್ ಕೋಡ್ ಬಂತು. ಅಪ್ಪ ಕೆಂಪು ಶಾಯಿಯಲ್ಲಿ ಎಲ್ಲರ ಊರಿಗೂ ನಂಬರು ಸೇರಿಸಿದರು. ಹಾಸನ 573201, ಚಿಕ್ಕಮಗಳೂರು 577101. ‘ಬಂತು’ ಮನೆ ಮೂರು ವರ್ಷ ಖಾಲಿ ಇದ್ದರೆ ಹೆಸರು ಹೊಡೆದುಹಾಕಬೇಕು ಎಂದು ಅಪ್ಪ. ಅಮ್ಮ ಹೊಡೆಯಲು ಬಿಡುತ್ತಿರಲಿಲ್ಲ. ಸತ್ತವರ ಹೆಸರಿನ ಪಕ್ಕ ಸಣ್ಣ ಶಿಲುಬೆ, ಅದರ ಕೆಳಗೆ ಮಗನ ಹೆಸರು. ಲೈನು ಮುಂದುವರಿಯುತ್ತಿತ್ತು.

ಇದರಲ್ಲಿ ಒಂದು ವಿಳಾಸ ಶೆಟ್ಟಿಹಳ್ಳಿಯದು. ಹಾಸನದ ಹತ್ತಿರ, ಹೇಮಾವತಿ ದಂಡೆ. ಅಪ್ಪನ ಜೊತೆ ಓದಿದವರ ಮನೆ. ಅಲ್ಲಿನ ರೋಸರಿ ಚರ್ಚನ್ನು ನೀವೆಲ್ಲ ನೋಡಿರುತ್ತೀರಿ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಹೇಮಾವತಿಗೆ ಕಟ್ಟಿದ ಗೊರೂರಿನ ಅಣೆಕಟ್ಟು 1979ರಲ್ಲಿ ಮುಗಿದು ಅಲ್ಲಿ ನೀರು ನಿಂತಿತು, ಜನ ಊರು ಬಿಡಬೇಕಾಯಿತು. ಚರ್ಚು ಈಗ ಮಳೆಗಾಲದಲ್ಲಿ ಅರ್ಧ ಮುಳುಗಿರುತ್ತದೆ, ಬೇಸಿಗೆಯಲ್ಲಿ ಎದ್ದು ನಿಲ್ಲುತ್ತದೆ, ಜನ ಫೋಟೋ ತೆಗೆಯಲು ಬರುತ್ತಾರೆ. ನಮಗೆ ಆಗ ಅದೆಲ್ಲ ಗೊತ್ತಿರಲಿಲ್ಲ. ಒಂದು ಡಿಸೆಂಬರ್ ನಮ್ಮ ಕಾರ್ಡು ವಾಪಸ್ ಬಂತು. ಪುಸ್ತಕದಲ್ಲಿ ಆ ವರ್ಷ ಅಪ್ಪ ಸೊನ್ನೆ ಹಾಕಿದ್ದಾರೆ.

ಮುಂದಿನ ವರ್ಷ ಅವರಿಂದಲೇ ಒಂದು ಬಂತು. ಅಂಗಡಿಯದಲ್ಲ. ಗೆರೆ ಹಾಕಿದ ನೋಟ್ ಬುಕ್ಕಿನ ಹಾಳೆ ಮಡಚಿ, ಮಗಳ ಕೈಯಲ್ಲಿ ಪೆನ್ಸಿಲಿನಿಂದ ಚರ್ಚು ಬರೆಸಿದ್ದರು. ಸುತ್ತ ಅಲೆ ಅಲೆಯಾಗಿ ನೀರು. ಒಳಗೆ ಹೊಸ ಊರಿನ ವಿಳಾಸ, ಕೆಳಗೆ ಎರಡು ಸಾಲು. ‘ಚರ್ಚು ಅಲ್ಲೇ ಉಳಿಯಿತು. ಇಲ್ಲಿನ ನೀರಿಗೆ ಬೇಳೆ ಬೇಯುವುದಿಲ್ಲ.’

ಹೊಳೆ ನೀರು ಕುಡಿದು ಬೆಳೆದವರು ಗಡಸು ನೀರಿನ ಊರಿಗೆ ಹೋದರೆ ಏನಾಗುತ್ತದೆ ಅನ್ನುವುದು ಅಮ್ಮನಿಗೆ ಅಷ್ಟರಲ್ಲೇ ಗೊತ್ತಾಯಿತು. ಅವತ್ತು ರಾತ್ರಿ ಅವರಿಗೆ ಹೋದ ಕಾರ್ಡಿಗೆ ಅಪ್ಪನೇ ಗಮ್ ಹಚ್ಚಿದರು. ಏನು ಬರೆದರು ಎಂದು ನಾನು ನೋಡಲಿಲ್ಲ. ಉಳಿದ ಮೂವತ್ತೊಂಬತ್ತಕ್ಕೆ ಜಗಳ ಎಂದಿನಂತೆ ನಡೆಯಿತು.

ಬಂದ ಕಾರ್ಡುಗಳನ್ನು ನಡುಮನೆಯಲ್ಲಿ ದಾರ ಕಟ್ಟಿ, ಬಟ್ಟೆ ಒಣಹಾಕಿದ ಹಾಗೆ ತೂಗುಹಾಕುತ್ತಿದ್ದೆವು. ಜನವರಿ 6, ಮೂರು ರಾಯರ ಹಬ್ಬದ ದಿನ ಗೋದಲಿಯ ಜೊತೆ ಅವೂ ಇಳಿಯುತ್ತಿದ್ದವು. ಚಿತ್ರದ ಅರ್ಧ ನನಗೆ, ಕತ್ತರಿಸಿ ಅಂಟಿಸಲು. ಬರೆದ ಅರ್ಧ ಅಮ್ಮನ ಟ್ರಂಕಿಗೆ. ಆ ಟ್ರಂಕಿಗೆ ಗೆದ್ದಲು ಹಿಡಿಯಿತು, ಮಲೆನಾಡಲ್ಲವಾ.

ಸರಿ, ಮಾತು ಸಾಕು. ಹಿಂದಿನ ಮೇಜಿನ ಮೇಲೆ ಕಪ್ಪು ಕಾಗದ ಕತ್ತರಿಸಿ ಇಟ್ಟಿದ್ದೇನೆ. ಬುಟ್ಟಿಯಲ್ಲಿ ಜರಿಗಿಡದ ಎಲೆ ಇದೆ, ಇವತ್ತು ಬೆಳಿಗ್ಗೆ ಕೈಮರದ ದರೆಯಲ್ಲಿ ಕಿತ್ತದ್ದು. ಒಂದೇ ಸಲ ಒತ್ತಿ. ಎರಡನೇ ಸಲಕ್ಕೆ ಪುಡಿ ಉಳಿದಿರುವುದಿಲ್ಲ. ಅಚ್ಚಿನ ಮೇಲೆ ಕೈ ತಾಗಿಸಬೇಡಿ, ಬಟರ್ ಪೇಪರ್ ಇದೆ, ಮುಚ್ಚಿ ಇಡಿ. 20 ಗ್ರಾಂ ಒಳಗಿದ್ದರೆ 5 ರೂಪಾಯಿ ಸ್ಟಾಂಪು ಸಾಕು. ಗಮ್ ಬಾಟಲಿ ಒಂದೇ ಇದೆ, ಬಳಸಿ ಪಕ್ಕದವರಿಗೆ ಕೊಡಿ.