ನೆಲಮಾಳಿಗೆಯಿಂದ ಹಬ್ಬಿದ ಬಾನುಲಿ ಜಾಲ

ಕೇಳುಗರಿಗೆ ನಮಸ್ಕಾರ. ಬೆಂಗಳೂರಿನಲ್ಲಿ ಓದಿದ ಪ್ರದೇಶ ಸಮಾಚಾರವನ್ನು ಧಾರವಾಡ, ಮಂಗಳೂರು ನಿಲಯಗಳು ಮರುಪ್ರಸಾರ ಮಾಡುವುದು ನಮಗೆ ತೀರಾ ರೂಢಿಯ ಸಂಗತಿ. 1961ರ ಆಗಸ್ಟ್ ಕೊನೆಯಲ್ಲಿ ಬ್ರೆಜಿಲ್ ದೇಶದ ದಕ್ಷಿಣ ತುದಿಯಲ್ಲಿ ಹೀಗೆಯೇ ನೂರಕ್ಕೂ ಹೆಚ್ಚು ಪೋರ್ಚುಗೀಸ್ ಭಾಷೆಯ ಬಾನುಲಿ ನಿಲಯಗಳು ಒಂದೇ ದನಿಗೆ ಜೋಡಿಕೊಂಡವು. ಅದೂ ಸೇನಾ ಮಂತ್ರಿಗಳ ಇಚ್ಛೆಗೆ ವಿರುದ್ಧವಾಗಿ. ಅದರ ಹೆಸರು ರೆಡೆ ದಾ ಲೆಗಾಲಿದಾದೆ, ಕಾನೂನುಬದ್ಧತೆಯ ಜಾಲ.

ಆಗಸ್ಟ್ 25ರಂದು ಅಧ್ಯಕ್ಷ ಜಾನಿಯೊ ಕ್ವಾಡ್ರೊಸ್ ರಾಜೀನಾಮೆ ಕೊಟ್ಟರು. ಸಂವಿಧಾನದ ಪ್ರಕಾರ ಉಪಾಧ್ಯಕ್ಷ ಜೊವಾಂವ್ ಗುಲಾರ್ಟ್ ಅಧಿಕಾರಕ್ಕೆ ಬರಬೇಕು. ಅವರು ಆಗ ಚೀನಾ ಪ್ರವಾಸದಲ್ಲಿದ್ದರು. ಮೂವರು ಸೇನಾ ಮಂತ್ರಿಗಳು ಅವರನ್ನು ಒಪ್ಪಲಿಲ್ಲ. ರಿಯೊ ಗ್ರಾಂಡೆ ದೊ ಸುಲ್ ರಾಜ್ಯದ ಗವರ್ನರ್ ಲಿಯೊನೆಲ್ ಬ್ರಿಜೋಲಾ ಗುಲಾರ್ಟರ ಪರ ನಿಂತರು. ಗುಲಾರ್ಟರ ಪರವಾದ ಪ್ರಕಟಣೆ ಓದಿದ್ದಕ್ಕೆ ರಾಜಧಾನಿ ಪೋರ್ಟೊ ಅಲೆಗ್ರೆಯ ಗೌಶಾ, ಫಾರೊಪಿಲ್ಯಾ ನಿಲಯಗಳ ಬಾಯಿ ಮುಚ್ಚಿಸಲಾಯಿತು. ಬಾಯಿ ಮುಚ್ಚಿಸುವುದು ಸುಲಭ: ಟ್ರಾನ್ಸ್‌ಮಿಟರನ್ನು ಒಡೆಯಬೇಕಾಗಿಲ್ಲ, ತರಂಗಾಂತರ ಹಿಡಿದಿಡುವ ಕ್ರಿಸ್ಟಲ್ ಒಂದನ್ನು ಕಿತ್ತು ಜೇಬಿಗೆ ಹಾಕಿಕೊಂಡರೆ ಸಾಕು. ಬೆಂಕಿಪೊಟ್ಟಣಕ್ಕಿಂತ ದೊಡ್ಡದೇನಲ್ಲ ಅದು.

ಉಳಿದದ್ದು 1957ರಲ್ಲಿ ಶುರುವಾದ ರೇಡಿಯೊ ಗ್ವಾಯೀಬಾ. ಬ್ರಿಜೋಲಾ ಆದೇಶ ಹೊರಡಿಸಿ ಅದನ್ನು ಸರ್ಕಾರದ ವಶಕ್ಕೆ ತೆಗೆದುಕೊಂಡರು; ಸ್ಟುಡಿಯೊ ಗವರ್ನರ್ ನಿವಾಸವಾದ ಪಿರಾಟಿನಿ ಅರಮನೆಯ ನೆಲಮಾಳಿಗೆಗೆ ಬಂತು. ಟ್ರಾನ್ಸ್‌ಮಿಟರ್ ಇದ್ದದ್ದು ಮಾತ್ರ ಊರಾಚೆ, ನದಿಯ ನಡುವಿನ ಪಿಂಟಾಡಾ ದ್ವೀಪದಲ್ಲಿ. ಮಧ್ಯಮ ತರಂಗಕ್ಕೆ ಇಂಥ ಜೌಗು ನೆಲವೇ ಒಳ್ಳೆಯದು. ಒದ್ದೆ ಮಣ್ಣಿನಲ್ಲಿ ವಿದ್ಯುತ್ತು ಚೆನ್ನಾಗಿ ಹರಿಯುತ್ತದೆ, ನೆಲದಗುಂಟ ಸಾಗುವ ಅಲೆ ಹೆಚ್ಚು ದೂರ ತಲುಪುತ್ತದೆ. ಒಣನೆಲದಲ್ಲಿ ಕಂಬದ ಸುತ್ತ ನೂರಿಪ್ಪತ್ತು ತಾಮ್ರದ ತಂತಿ ಹೂತರೂ ಆ ಲಾಭ ಪೂರ್ತಿ ಸಿಗದು. ಆದರೆ ಅರಮನೆಗೂ ದ್ವೀಪಕ್ಕೂ ನಡುವಿನ ಕೊಂಡಿ ಕಡಿದರೆ ಎಲ್ಲವೂ ಮುಗಿದಂತೆ. ಹಾಗಾಗಿ ರಾಜ್ಯದ ಪೊಲೀಸ್ ಪಡೆ ಅರಮನೆಯಷ್ಟೇ ಎಚ್ಚರಿಕೆಯಿಂದ ಆ ದ್ವೀಪವನ್ನೂ ಕಾಯಿತು.

ಇನ್ನು ಜಾಲ. ಹಗಲು ಮಧ್ಯಮ ತರಂಗ ನೂರಿನ್ನೂರು ಕಿಲೋಮೀಟರು ದಾಟುವುದೇ ಕಷ್ಟ, ಆಕಾಶದ ಕೆಳಪದರ ಅದನ್ನು ಹೀರಿಬಿಡುತ್ತದೆ. ಷಾರ್ಟ್‌ವೇವ್ ಸಾವಿರಾರು ಕಿಲೋಮೀಟರು ಹೋಗುತ್ತದೆ, ಆದರೆ ಹತ್ತಿರದವರ ತಲೆಯ ಮೇಲೆ ಹಾರಿ ಹೋಗುತ್ತದೆ. ದೂರದ ಊರಿನ ಸಣ್ಣ ನಿಲಯ ಷಾರ್ಟ್‌ವೇವ್‌ನಲ್ಲಿ ಹಿಡಿದು ತನ್ನ ಮಧ್ಯಮ ತರಂಗದಲ್ಲಿ ಬಿಟ್ಟರೆ ಆ ಊರಿನ ಅಡುಗೆಮನೆಯ ಸೆಟ್ಟಿಗೂ ಮಾತು ಮುಟ್ಟುತ್ತದೆ. ಬೇಕಾದದ್ದು ಒಂದು ಒಳ್ಳೆಯ ರಿಸೀವರ್, ಉದ್ದನೆಯ ತಂತಿಯ ಏರಿಯಲ್, ಅಲ್ಲಿಂದ ಸ್ಟುಡಿಯೊದಲ್ಲಿ ದನಿ ಹೊಂದಿಸುವ ಕನ್ಸೋಲಿಗೆ ಒಂದು ಲೈನು. ಹಗಲಿಗೆ 25 ಮೀಟರ್, ಕತ್ತಲಾದ ಮೇಲೆ 49 ಮೀಟರ್ ಬ್ಯಾಂಡು ವಾಸಿ.

ಎಡವುವುದು ಎಲ್ಲಿ? ರಿಸೀವರನ್ನು ತನ್ನದೇ ಟ್ರಾನ್ಸ್‌ಮಿಟರ್ ಪಕ್ಕದಲ್ಲಿ ಇಟ್ಟರೆ ಅದು ಕಿವುಡಾಗುತ್ತದೆ. ಸ್ವಂತ ನಿಲಯದ ಅಬ್ಬರದಲ್ಲಿ ದೂರದ ದನಿ ಮುಳುಗುತ್ತದೆ. ಕೆಲವು ಕಿಲೋಮೀಟರು ಆಚೆ ಇಟ್ಟು ಟೆಲಿಫೋನ್ ತಂತಿಯಲ್ಲಿ ದನಿ ತರುವುದು ಜಾಣತನ. ಷಾರ್ಟ್‌ವೇವ್ ದನಿ ಏರುತ್ತ ಇಳಿಯುತ್ತ ಬರುವುದರಿಂದ ಕನ್ಸೋಲಿನಲ್ಲಿ ಒಬ್ಬರ ಕೈ ಗುಂಡಿಯ ಮೇಲೇ ಇರಬೇಕು. ಮರುಪ್ರಸಾರವನ್ನು ಹಿಡಿದು ಮತ್ತೆ ಮರುಪ್ರಸಾರ ಮಾಡಿದರೆ ಗರಗರ ಸದ್ದು ಕೂಡುತ್ತಲೇ ಹೋಗುತ್ತದೆ, ಮೂರನೆಯ ಕೈಗೆ ಬರುವಷ್ಟರಲ್ಲಿ ಹೆಸರುಗಳೇ ಕೇಳಿಸವು. ಆದ್ದರಿಂದ ಆದಷ್ಟೂ ಮೂಲದಿಂದಲೇ ಹಿಡಿಯಬೇಕು.

ಈ ಜಾಲದ ಜಾಣ್ಮೆ ಇಲ್ಲಿದೆ ಎಂಬುದು ನನ್ನ ಅನಿಸಿಕೆ: ನಿಲಯಗಳನ್ನು ಕಟ್ಟಿಹಾಕುವ ಮುಖ್ಯ ತಂತಿಯೇ ಇರಲಿಲ್ಲ. ಒಂದು ಸಣ್ಣ ನಿಲಯ ಮುಚ್ಚಿಸಿದರೆ ಉಳಿದವಕ್ಕೆ ಏನೂ ಆಗದು. ಬೇರನ್ನೇ ಕೀಳಬೇಕು.

ಕೀಳುವ ಪ್ರಯತ್ನವೂ ಆಯಿತು. ಅರಮನೆಯ ಮೇಲೆ ಬಾಂಬು ಹಾಕಲು ಆದೇಶ ಬಂತು. ಪಕ್ಕದ ಕನೋವಾಸ್ ವಾಯುನೆಲೆಯ ಸಾರ್ಜೆಂಟರು ವಿಮಾನಗಳ ಟೈರುಗಳ ಗಾಳಿ ಬಿಟ್ಟರು, ವಿಮಾನ ಮೇಲೇಳಲಿಲ್ಲ. 28ರಂದು ಬ್ರಿಜೋಲಾ ನೆಲಮಾಳಿಗೆಯ ಮೈಕಿನಲ್ಲಿ ಮಾತಾಡಿದರು. ಅದೇ ದಿನ ದಕ್ಷಿಣದ ಮೂರನೇ ಸೇನೆಯ ದಂಡನಾಯಕ ಜನರಲ್ ಮಶಾದೊ ಲೋಪಿಸ್ ಬ್ರಿಜೋಲಾ ಕಡೆಗೆ ಬಂದರು. ಸೆಪ್ಟೆಂಬರ್ 7ರಂದು ಗುಲಾರ್ಟ್ ಪ್ರಮಾಣವಚನ ತೆಗೆದುಕೊಂಡರು, ಆದರೆ ಅಧಿಕಾರ ಮೊಟಕಾಗಿತ್ತು. ನಡುವೆ ಸಂಸದೀಯ ಪದ್ಧತಿ ತಂದುಬಿಟ್ಟಿದ್ದರು.

1964ರ ಏಪ್ರಿಲ್‌ನಲ್ಲಿ ಸೇನೆ ಗುಲಾರ್ಟರನ್ನು ಇಳಿಸಿದಾಗ ಬ್ರಿಜೋಲಾ ಅದೇ ಊರಿನಿಂದ ಅದೇ ಜಾಲವನ್ನು ಮತ್ತೆ ಕಟ್ಟಲು ನೋಡಿದರು, ಫಲಿಸಲಿಲ್ಲ. ರಿಸೀವರು, ಏರಿಯಲ್ಲು ಎಲ್ಲ ಹಿಂದಿನವೇ. ಆದರೆ ಆಗ ಅವರು ಗವರ್ನರ್ ಆಗಿರಲಿಲ್ಲ. ಗವರ್ನರ್ ಮೆನೆಗೆಟ್ಟಿ ಎದುರು ಪಾಳೆಯದಲ್ಲಿದ್ದರು. ಟ್ರಾನ್ಸ್‌ಮಿಟರ್ ಕಾಯಲು ಪೊಲೀಸರನ್ನು ಕಳಿಸುವವರೇ ಇರಲಿಲ್ಲ.

ನಮಸ್ಕಾರ.